ತಳವಾರನ ಗಂಟಿನಲ್ಲಿದ್ದ ಗ್ರಂಥ

"ಗುರುಗಳೇ, ಪೊಲೀಸ್ ತರಬೇತಿಗೆ ಹೊರಟಿದ್ದೇನೆ. ಒಂದು ಪುಸ್ತಕ ಅಪರಾಧಿಯನ್ನು ಹಿಡಿಯುವ ಬಗೆ ಹೇಳುತ್ತದೆ. ಇನ್ನೊಂದು ಹಿಡಿದವನ ವಿಚಾರಣೆಯ ಬಗೆ ಹೇಳುತ್ತದೆ. ಹೊರಡುವ ಮೊದಲು ಒಂದನ್ನಷ್ಟೇ ಓದಿ ಮುಗಿಸಬಲ್ಲೆ. ಯಾವುದನ್ನು ಓದಲಿ?" ಎಂದು ಈರಭದ್ರ ಕೇಳಿದ.

ಗುರುಗಳು ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. "ಭಾರ ಒಂದೇ" ಎಂದು ನಕ್ಕು ಕತೆ ಹೇಳಿದರು.

ಒಬ್ಬನಿಗೆ ದೂರದ ಊರಿನ ತಳವಾರಿಕೆ ಸಿಕ್ಕಿತು. ಊರು ಕಾಯುವುದು, ಕಳ್ಳರನ್ನು ಹಿಡಿಯುವುದು ಅವನ ಕೆಲಸ. ಅರಮನೆಯ ಪಂಡಿತ ಇಂಥವೇ ಎರಡು ಗ್ರಂಥಗಳನ್ನು ಮುಂದಿಟ್ಟು, "ಒಂದನ್ನು ಒಯ್ಯಿ, ಓದಿದ ಮೇಲೆ ಇನ್ನೊಂದು" ಎಂದ.

"ಕಳ್ಳನೇ ಸಿಕ್ಕಿಲ್ಲ, ಆಗಲೇ ವಿಚಾರಣೆಯೇ? ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ, ಸ್ವಾಮಿ?" ಎಂದು ತಳವಾರ ಕಳ್ಳರನ್ನು ಹಿಡಿಯುವ ಗ್ರಂಥವನ್ನೇ ಗಂಟು ಕಟ್ಟಿದ. ದಾರಿಯುದ್ದಕ್ಕೂ ಓದಿದ. ಕಳ್ಳರು ಬೀಗ ಒಡೆಯುವ ಬಗೆ, ಕಳ್ಳನ ಗುರುತುಗಳು ಎಲ್ಲ ಬಾಯಿಪಾಠವಾದವು. ಹೊಸ ಮುಖ, ಬಿಗಿಹಿಡಿದ ಗಂಟು, ಅತ್ತಿತ್ತ ನೋಡುವ ಕಣ್ಣು.

ಹೊಳೆ ದಾಟಿ ಒಂದು ಊರು ಹೊಕ್ಕ. ಅಲ್ಲಿ ಆಗಷ್ಟೇ ಅಕ್ಕಸಾಲಿಗನ ಮನೆಗೆ ಕನ್ನ ಬಿದ್ದಿತ್ತು. ದಾರಿ ಕೇಳಲು ನಿಂತವನನ್ನು ಜನ ಹಿಡಿದರು. ಗಂಟು ಬಿಚ್ಚಿದರೆ ಬೀಗ ಒಡೆಯುವ ಬಗೆಯನ್ನೆಲ್ಲ ವಿವರಿಸಿದ ಗ್ರಂಥ.

"ಕಳ್ಳನಲ್ಲದೆ ಇದನ್ನು ಯಾರು ಓದ್ತಾರೆ? ಕೈ ಕಡೀರಿ" ಎಂದರು ಜನ. ತಾನು ತಳವಾರನೆಂದು ಅವನು ಕೂಗಿದರೂ ಯಾರೂ ನಂಬಲಿಲ್ಲ. ತಾನು ಕಲಿತ ಗುರುತುಗಳೆಲ್ಲ ತನ್ನ ಮೇಲೆಯೇ ಇದ್ದವು.

ಆ ಊರಿನ ಕಾವಲುಗಾರ ಬಂದ. ಅವನು ಬೈಯಲಿಲ್ಲ, ಕುಡಿಯಲು ನೀರು ಕೊಟ್ಟು ಕೇಳಿದ: "ಕನ್ನ ಬಿದ್ದಾಗ ನೀನೆಲ್ಲಿದ್ದೆ? ಕಂಡವರು ಯಾರು?"

"ದೋಣಿಯಲ್ಲಿದ್ದೆ. ಅಂಬಿಗನನ್ನು ಕೇಳಿ."

ಅಂಬಿಗನನ್ನು ಕರೆಸಿದರು. "ಹೌದು, ಈತ ನನ್ನ ದೋಣಿಯಲ್ಲೇ ಬಂದ. ಈತ ಇಳಿದ ಕೂಡಲೇ ಒಬ್ಬ ಓಡಿಬಂದು ಹತ್ತಿದ. ಇನ್ನೂ ಆಚೆ ದಡದ ಛತ್ರದಲ್ಲಿ ಕೂತಿದ್ದಾನೆ" ಎಂದ. ಸಂಜೆಯೊಳಗೆ ಅಕ್ಕಸಾಲಿಗನ ಒಡವೆ ಮನೆಗೆ ಬಂತು, ಕಳ್ಳನೂ ಸಿಕ್ಕಿದ. ತಳವಾರ ತನ್ನೆರಡು ಕೈಗಳನ್ನು ನೋಡಿಕೊಂಡು ಅತ್ತ. ಆಮೇಲೆ ಇನ್ನೊಂದು ಗ್ರಂಥಕ್ಕಾಗಿ ಬಂದ ದಾರಿಯಲ್ಲೇ ಪಂಡಿತನ ಬಳಿಗೆ ಹಿಂತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರ ಎರಡೂ ಪುಸ್ತಕ ನೋಡಿದ. "ಆದರೂ ನೀವೇ ಒಂದನ್ನು ಆರಿಸಿಕೊಡಿ" ಎಂದ.

"ನಾನಲ್ಲ ಆರಿಸಬೇಕಾದವನು; ನಾಳೆ ನಿನ್ನ ಕೈಗೆ ಸಿಕ್ಕಿಬೀಳುವವನು, ನೀನು ಯಾವುದನ್ನು ಓದಿರಲಿ ಎಂದು ಬೇಡಿಕೊಳ್ಳುತ್ತಾನೋ ಅದನ್ನು ಓದು."