ಸರದಿಯ ಹಲಗೆ

"ಗುರುಗಳೇ, ಕಣ್ಣೆದುರೇ ಅನ್ಯಾಯ ನಡೆಯುತ್ತಿದ್ದರೂ ದೇವರು ಯಾಕೆ ತಡೆಯುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂತು. "ಎಲ್ಲವನ್ನೂ ದೇವರ ತಲೆಗೆ ಕಟ್ಟಿಬಿಡು! ಕೂತುಕೋ, ಹೇಳುತ್ತೇನೆ" ಎಂದರು.

ಹೊಳೆ ಕಡಲು ಸೇರುವಲ್ಲಿ ಒಂದು ಕುದ್ರು. ಸುತ್ತಲೂ ನೀರು, ದೋಣಿ ಬಿಟ್ಟರೆ ದಾರಿಯಿಲ್ಲ, ಕರೆಂಟಂತೂ ಇಲ್ಲವೇ ಇಲ್ಲ. ಅಲ್ಲಿನವರು ಉಬ್ಬರದ ನೀರನ್ನು ತಗ್ಗಿನೊಳಗೆ ಬಿಟ್ಟುಕೊಂಡು, ತೂಬಿಗೆ ಹಲಗೆ ಇಳಿಸಿ ನಿಲ್ಲಿಸುತ್ತಿದ್ದರು. ಇಳಿತದ ಹೊತ್ತಿಗೆ ಹಲಗೆ ಎತ್ತಿ, ಹೊರಗೋಡುವ ನೀರಿಗೆ ಬಲೆ ಒಡ್ಡಿ ಸಿಗಡಿ ಹಿಡಿಯುತ್ತಿದ್ದರು. ಹಲಗೆ ಎತ್ತುವುದು ದಿನಕ್ಕೊಂದು ಮನೆಯ ಸರದಿ. ಸರದಿ ತಪ್ಪಿಸಿದರೆ ಹಿರಿಯರಿಗೆ ದ್ರೋಹ ಮಾಡಿದಂತೆ ಎಂದು ಅವರ ನಂಬಿಕೆ.

ಅಲ್ಲಿಗೆ ಒಬ್ಬ ವರ್ತಕ ಬಂದ. "ನಿಮ್ಮ ತೂಬಿಗೆ ನನ್ನ ಚಕ್ರ ಕೂರಿಸುತ್ತೇನೆ. ನೀರು ಓಡಿದರೆ ಕರೆಂಟು. ಮೊದಲ ತಂತಿ ನಿಮಗೇ" ಎಂದ. ಜನ ನಂಬಿದರು. ಚಕ್ರ ತಿರುಗಿತು. ತಂತಿ ಮಾತ್ರ ಹೊಳೆ ದಾಟಿ ಅವನ ಐಸ್ ಫ್ಯಾಕ್ಟರಿಗೆ ಹೋಯಿತು. ನಾಚಿಕೆಗೆಟ್ಟವನು!

ಕುದ್ರುವಿನ ಅಂಬಿಗನೊಬ್ಬನಿಗೆ ಒಬ್ಬಳೇ ಮಗಳು. ಉಬ್ಬಸದ ಕೂಸು. ಉಸಿರಿಗೆ ಔಷಧಿ ಹಾಯಿಸುವ ಯಂತ್ರವೊಂದನ್ನು ಪೇಟೆಯ ಡಾಕ್ಟರು ಕೊಟ್ಟಿದ್ದರು. ಅದು ಓಡಲು ಕರೆಂಟು ಬೇಕು. ಅಂಬಿಗ ವರ್ತಕನ ಬಾಗಿಲಿಗೆ ಹೋಗಿ ನಿಂತ.

"ಧಣಿ, ನನ್ನ ಮನೆಗೊಂದು ತಂತಿ ಎಳೆಸಿಕೊಡಿ. ಮಗು ಉಳಿಯುತ್ತದೆ."

"ಮಳೆಗಾಲ ಕಳೆಯಲಿ ಮಾರಾಯ, ನೋಡುವ."

ಮಳೆಗಾಲ ಕಳೆಯುವ ಮೊದಲೇ ಕೂಸು ಉಸಿರು ಕಟ್ಟಿ ಸತ್ತಿತು. ಯಂತ್ರ ಪಕ್ಕದಲ್ಲೇ ಇತ್ತು. ಊರಿಗೆ ಊರೇ ಅತ್ತಿತು. ವರ್ತಕನಿಗೆ ಹಿಡಿಶಾಪ ಹಾಕಿತು. "ಮೇಲಿನವನು ನೋಡಿಕೊಳ್ಳುತ್ತಾನೆ" ಎಂದು ಮನೆಗೆ ಹೋಯಿತು.

ಅಂದಿನ ಸರದಿ ಅಂಬಿಗನದೇ. ಮಗಳನ್ನು ಮಣ್ಣು ಮಾಡಿ ಬರುವಾಗ ಇಳಿತ ಶುರುವಾಗಿತ್ತು. ಸೂತಕದವನು, ಇವತ್ತು ಬೇಡ ಎಂದು ಒಬ್ಬನಾದರೂ ಹೇಳಬಾರದೇ? ಯಾರೂ ಹೇಳಲಿಲ್ಲ. ಮಿಂದ ಒದ್ದೆ ಬಟ್ಟೆಯಲ್ಲೇ ಹೋಗಿ ಅವನು ಹಲಗೆ ಎತ್ತಿದ. ಚಕ್ರ ತಿರುಗಿತು. ಆಚೆ ದಡದಲ್ಲಿ ಎಂದಿನಂತೆ ಐಸು ಹೆಪ್ಪುಗಟ್ಟಿತು.

ಶಿಷ್ಯ ಕಣ್ಣೊರೆಸಿಕೊಂಡ. "ಅಯ್ಯೋ, ಅಂಥ ದುಃಖದಲ್ಲೂ ಸರದಿ ತಪ್ಪಿಸಲಿಲ್ಲ. ಎಂಥ ನಿಷ್ಠೆ! ದೇವರಾದರೂ ಆ ಪಾಪಿಯ ಚಕ್ರ ನಿಲ್ಲಿಸಬಾರದಿತ್ತೇ?"

ಗುರುಗಳು ನೆಲಕ್ಕೆ ಕೈ ಬಡಿದರು. "ನಿಲ್ಲಿಸಲು ದೇವರೇಕೆ ಬೇಕಿತ್ತೋ, ಹಲಗೆ ಯಾರ ಕೈಯಲ್ಲಿತ್ತು?"