ಕಾಲು ಹೆಚ್ಚಿದ ಹುಳುವೂ ಸಿದ್ದಾಜಮ್ಮನೂ

ಅರಸು ಯಾರೋ, ಕಾಲ ಯಾವುದೋ, ಕೇಳಬೇಡಿ; ಹೇಳುವವರಿಗೂ ಗೊತ್ತಿಲ್ಲ. ಬಲು ಹಿಂದೆ ಒಂದೂರು. ಊರ ಸುತ್ತ ಹಿಪ್ಪುನೇರಳೆ, ಊರೊಳಗೆ ಮನೆಮನೆಯಲ್ಲೂ ರೇಷ್ಮೆಹುಳು. ಹುಳುಗಳಿಗೆ ಒಳಮನೆ ಬಿಟ್ಟುಕೊಟ್ಟು ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದರಂತೆ. ಆ ಊರಲ್ಲಿ ಸಿದ್ದಾಜಮ್ಮ ಅಂತ ಒಬ್ಬಳಿದ್ದಳು. ಅವಳು ತೆಗೆದ ನೂಲು ಕಣ್ಣಿಗೆ ಕಾಣದು, ಆದರೆ ಅದರಲ್ಲಿ ಎತ್ತು ಕಟ್ಟಬಹುದಿತ್ತು ಅಂತಾರೆ. ಎತ್ತಿನ ಮಾತು ಆಮೇಲೆ ಸೇರಿದ್ದಿರಬೇಕು.

ಸಿದ್ದಾಜಮ್ಮನಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಎಡಗೈಯಲ್ಲಿ ಆರು ಬೆರಳು, ಆರನೆಯದು ಅವರೆಕಾಳಿನಷ್ಟು. ನಾಳೆ ಮದುವೆಗೆ ತೊಡಕಾದೀತು ಎಂದು ಅತ್ತೆ ಹಲಗಮ್ಮ, ಆಗಿನ ರೂಢಿಯಂತೆ, ಸೊಸೆ ತೆಗೆದ ನೂಲಿನಿಂದಲೇ ಆ ಬೆರಳಿನ ಬುಡಕ್ಕೆ ಬಿಗಿದು ಕಟ್ಟಿದಳು. ಒಣಗಿ ಉದುರಲಿ ಅಂತ. ಬೆರಳು ಕಪ್ಪಾಯಿತು. ಕೈ ಊದಿತು. ಕೂಸಿಗೆ ಜ್ವರ ಬಂತು.

ಹುಳು ಸಾಕುವವರ ಬಾಯಲ್ಲಿ ಜ್ವರ ಅಂದರೆ ಹೆದರುವ ಮಾತಲ್ಲ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತರೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಹೀಗೆ ಕೂತು, ಹಳೆಯ ಚರ್ಮ ಕಳಚಿ ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. ಅದಕ್ಕೇ ಮನೆಯವರು ಕೂಸಿನ ಜ್ವರಕ್ಕೂ, ಬಿಡು, ಬೆಳೆದೇ ಏಳುತ್ತೆ ಅಂದರಂತೆ. ಕೂಸು ಏಳಲಿಲ್ಲ. ಇನ್ನೂ ಹೆಸರೂ ಇಟ್ಟಿರಲಿಲ್ಲ.

ಸಿದ್ದಾಜಮ್ಮ ಯಾರನ್ನೂ ಬೈಯಲಿಲ್ಲ. ಸೊಪ್ಪು ಹಾಕುವಾಗ ಮಾತ್ರ ತನ್ನ ಎಡಗೈಯನ್ನು ಸವರಿಕೊಂಡು, ಕಿರುಬೆರಳಿನ ಆಚೆ ಬರೀ ಗಾಳಿಯನ್ನೂ ಒಮ್ಮೆ ಸವರುತ್ತಿದ್ದಳಂತೆ.

ಹೀಗಿರುವಾಗ ಒಂದು ಸಲದ ಹುಳುಬೆಳೆಯಲ್ಲಿ ವಿಚಿತ್ರದ ಹುಳುವೊಂದು ಕಂಡಿತು. ಕಾಲಿರಬಾರದ ಜಾಗದಲ್ಲಿ ಇನ್ನೊಂದು ಜೊತೆ ಕಾಲು.

“ಎತ್ತಿ ತಿಪ್ಪೆಗೆ ಹಾಕೇ, ಮನೆಗಾಗದು,” ಅಂದಳು ಹಲಗಮ್ಮ.

“ಯಾಕತ್ತೆ, ಇದರ ಮದುವೆಗೂ ತೊಡಕಾ? ದಾರ ತರಲಾ?”

ಹಲಗಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಆಚೆ ಹೋದಳು. ಸಿದ್ದಾಜಮ್ಮ ಆ ಹುಳುವನ್ನು ಬೇರೆ ತಟ್ಟೆಗೆ ಹಾಕಿ ಎಳೆ ಸೊಪ್ಪು ಕೊಟ್ಟಳು. ನೋಡಲು ಬಂದ ಹೆಂಗಸರಿಗೆ ಅವಳು ಹೇಳಿದ್ದು ಇಷ್ಟಂತೆ: ಹುಳುವಿನ ಮೈ ಅಂದರೆ ಸಾಲುಮನೆಗಳ ಬೀದಿ, ಒಂದೊಂದು ಉಂಗುರವೂ ಒಂದೊಂದು ಮನೆ. ಕಾಲು ಮಾಡುವುದು ಎಲ್ಲ ಮನೆಗೂ ಗೊತ್ತು. ಮೈಯೊಳಗೊಬ್ಬ ಡಂಗುರದವನಿದ್ದಾನೆ. ಊರ ಡಂಗುರದವನ ಹಾಗೇ ತಾನೊಂದು ಕಡ್ಡಿ ಎತ್ತಿಡುವವನಲ್ಲ, ಕೂಗುವುದಷ್ಟೇ. ಇಲ್ಲಿ ಕಾಲಿರಲಿ, ಇಲ್ಲಿ ಬೇಡ, ಅಂತ. ಒಂದು ಮನೆ ಮುಂದೆ ಬೇಡ ಅನ್ನುವುದು ಮರೆತ. ಆ ಮನೆಯವರು ಕಾಲು ಮಾಡಿಟ್ಟರು.

“ಹಂಗಾದ್ರೆ ಯಾರ ಪಾಪವೂ ಅಲ್ವಾ ಸಿದ್ದಾಜಕ್ಕ?” ಅಂದಳು ಅವರಲ್ಲೊಬ್ಬಳು.

“ಕೂಗೋನು ಮರೆತದ್ದಕ್ಕೆ ಪಾಪ ಎಲ್ಲಿಂದ ಬಂತವ್ವ? ಕಾಲು ಚೆನ್ನಾಗೇ ಅದೆ ನೋಡು.”

ಅದೇ ದಿನಗಳಲ್ಲಿ ಪಕ್ಕದ ಮನೆಯ ಲಕ್ಕಮ್ಮನ ಮೊಮ್ಮಗ ಆರು ಬೆರಳಿಟ್ಟುಕೊಂಡು ಹುಟ್ಟಿದ. ಲಕ್ಕಮ್ಮ ದಾರಕ್ಕೆ ಬಂದಳು. ಸಿದ್ದಾಜಮ್ಮ ಕೊಡಲಿಲ್ಲ. ಈ ಹುಳು ಕಡೇ ಜ್ವರಕ್ಕೆ ಕೂತಿದೆ. ಎದ್ದರೆ ಬೆರಳು ಇರಲಿ, ಏಳದಿದ್ದರೆ ದಾರ ಒಯ್ಯಿ ಅಂದಳು. ಅಂದಮೇಲೆ ಆ ತಟ್ಟೆಯ ಹತ್ತಿರವೇ ಚಾಪೆ ಹಾಸಿಕೊಂಡಳಂತೆ.

ಮಿಕ್ಕ ಹುಳುಗಳೆಲ್ಲ ಎದ್ದು ಚರಪರ ಮೇಯತೊಡಗಿದವು. ಇದು ಏಳಲಿಲ್ಲ. ಲಕ್ಕಮ್ಮ ಬಾಗಿಲಲ್ಲೇ ಕೂತಿದ್ದಳು. ಸಿದ್ದಾಜಮ್ಮ ತಟ್ಟೆಗೆ ಬಾಗಿ, “ಏಳವ್ವ, ಏಳು,” ಅಂದಳು. ಹುಳುವನ್ನು ಕರೆದಳೋ, ಬೇರೆ ಯಾರನ್ನೋ, ಅಲ್ಲಿದ್ದವರು ಕೇಳಹೋಗಲಿಲ್ಲ. ಆಮೇಲೆ ಹಲಗಮ್ಮನೂ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಬಹಳ ಹೊತ್ತಿನ ಮೇಲೆ ಅವಳೂ ಅಂದಳು, “ಏಳವ್ವ.”

ಹುಳು ಚರ್ಮ ಕಳಚಿತು. ಹೆಚ್ಚಿನ ಕಾಲನ್ನೂ ಎಳೆದುಕೊಂಡು ಸೊಪ್ಪಿನ ಮೇಲೆ ಹತ್ತಿತು.

ಲಕ್ಕಮ್ಮ ಬರಿಗೈಯಲ್ಲಿ ಮನೆಗೆ ಹೋದಳು. ಆ ಮೊಮ್ಮಗ ಬೆಳೆದು, ಆರು ಬೆರಳಲ್ಲೇ ಊರ ಡಂಗುರ ಬಾರಿಸಿದ ಅಂತಾರೆ. ಕಟ್ಟುಕತೆ ಅನ್ನುವವರೂ ಇದ್ದಾರೆ.

ಈಗಲೂ ಆ ಊರಲ್ಲಿ ಯಾವ ಕೂಸಿನ ಬೆರಳಿಗೂ ದಾರ ಕಟ್ಟುವುದಿಲ್ಲ. ಹುಳು ಕಡೇ ಜ್ವರಕ್ಕೆ ಕೂತಾಗ ಹೆಂಗಸರು ತಟ್ಟೆಗಳ ಮುಂದೆ ನಿಂತು, ಏಳವ್ವ, ಏಳು, ಅಂತ ಕರೆಯುತ್ತಾರೆ. ಹುಳುಗಳು ಏಳುತ್ತವೆ. ಎಲ್ಲ ಎದ್ದಮೇಲೂ ಇನ್ನೊಮ್ಮೆ ಕರೆದು, ಸ್ವಲ್ಪ ಹೊತ್ತು ಕಾಯುತ್ತಾರೆ.