ಅಜ್ಜಿ ಕಣ್ಣಿಗೆ ಹತ್ತಿರದ ಪರದೆ

ಹೂಂಗುಟ್ಟೋರು ಒಬ್ಬರಾದರೂ ಇದ್ದರೆ ಸಾಕು, ಹೇಳಿಬಿಡ್ತೀನಿ. ನಡುವೆ ಎದ್ದು ಹೋಗಬೇಡಿ. ನಿಂಗಾಜಮ್ಮನಿಗೇ ಎದ್ದು ಹೋಗಲಿಕ್ಕೆ ಆಗಲಿಲ್ಲ, ನಿಮಗೇನು ಅವಸರ?

ಒಂದೂರು. ಆ ಊರಲ್ಲಿ ನಿಂಗಾಜಮ್ಮ. ಗಂಡ ಹೋಗಿ ಹತ್ತು ವರ್ಷ. ಮಗಳು ಚಂದ್ರಿ, ಮಗ ಮರಿಸ್ವಾಮಿ, ಗಂಡನ ತಾಯಿ ಸಣ್ಣತಾಯಮ್ಮ, ಇಷ್ಟೇ ಸಂಸಾರ. ಮಗಳು ಜಾಣೆ. ಅತ್ತೆ ಗಟ್ಟಿಗಿತ್ತಿ. ಮಗ? ಮಗನಿಗೆ ಇಪ್ಪತ್ತಾರು ತುಂಬಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ, ಅದೇ ಅವನ ರೋಗ. ‘ಒಲೆ ಮೇಲೆ ಹಾಲೈತೆ, ನೋಡ್ಕೋ’ ಅಂದರೆ ನೋಡ್ತಾ ಕೂರ್ತಿದ್ದ. ಹಾಲು ಉಕ್ಕಿ, ಚೆಲ್ಲಿ, ಒಲೆ ಆರಿದ ಮೇಲೂ ನೋಡ್ತಾ ಕೂತಿರ್ತಿದ್ದ.

ಚಂದ್ರಿ ಮದುವೆಗೆ ಚಪ್ಪರ ಹಾಕಿದ ದಿನವೇ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡಳು. ಮೊಮ್ಮಗಳು ಛತ್ರದ ಹಸೆಮಣೆ ಮೇಲೆ, ಅಜ್ಜಿ ಆಸ್ಪತ್ರೆ ಮಂಚದ ಮೇಲೆ. ಎತ್ತಿ ಆಡಿಸಿ ಬೆಳೆಸಿದ ಮಗೀನ ಧಾರೆ ಅವಳು ಕಾಣಲಿಲ್ಲ. ಈಗ ಮನೆಗೆ ತಂದು ಮಲಗಿಸಿದ್ದರು. ಡಾಕ್ಟರು, ‘ಎಷ್ಟು ದಿನವೋ ಹೇಳಕ್ಕಾಗಲ್ಲ, ಕೇಳಿದ್ದು ಕೊಡಿ’ ಅಂದಿದ್ದರು. ಅಜ್ಜಿ ಕೇಳಿದ್ದು ಒಂದೇ.

“ಚಂದ್ರಿ ಮದುವೆ ತೋರ್ಸೇ.”

ವೀಡಿಯೋ ಇತ್ತು. ಕಣ್ಣು ಬೇಕಲ್ಲ? ಎರಡಕ್ಕೂ ಪೊರೆ. ಫೋನಲ್ಲಿ ತೋರಿಸಿದರೆ, “ಇರುವೆ ಸಾಲು ಕಣೇ ಇದು, ಮದುವೆ ಎಲ್ಲೈತೆ?” ಅಂದಳು. ಟೀವಿಯಲ್ಲಿ ತೋರಿಸಿದರೆ, “ಕಟ್ಟಿರುವೆ” ಅಂದಳು.

ಗೋಡೆ ಮೇಲೆ ಸಿನಿಮಾ ಬಿಡೋ ಪ್ರೊಜೆಕ್ಟರ್ ಡಬ್ಬ ಬರ್ತದಂತೆ, ಮನೆಯಲ್ಲೇ ಟಾಕೀಸು ಆಗ್ತದಂತೆ ಅಂತ ನಿಂಗಾಜಮ್ಮ ಕೇಳಿದ್ದಳು. ಎರಡು ಆಡು ಮಾರಿದಳು. ಪೇಟೆಗೆ ತಾನೇ ಹೋಗೋಣ ಅಂದರೆ, ಅಜ್ಜಿಗೆ ಗಂಟೆಗೊಂದು ಸಲ ಮಗ್ಗುಲು ತಿರುಗಿಸಬೇಕು. ಬೇರೆ ಯಾರಿದ್ದಾರೆ? ಮಗನನ್ನ ಕರೆದಳು.

“ಮರಿಸ್ವಾಮಿ, ಶಾಂತಪ್ಪನ ಅಂಗಡಿಗೆ ಹೋಗು. ಪ್ರೊಜೆಕ್ಟರ್ ತಾ. ಇರೋದು ಇಷ್ಟೇ ದುಡ್ಡು. ಅವನು ಹೇಳಿದ ಬೆಲೆಗೆ ಒಪ್ಕೋಬೇಡ, ಅರ್ಧಕ್ಕೆ ಕೇಳು!”

“ಹೂಂ ಕಣವ್ವ. ಅರ್ಧಕ್ಕೆ ಕೇಳ್ತೀನಿ.”

ಹೋದ. ಶಾಂತಪ್ಪ ಬೆಲೆ ಹೇಳಿದ. ಇವನು ಅರ್ಧಕ್ಕೆ ಕೇಳಿದ. ಹಳೇ ಮಾಲು, ಹೋದರೆ ಹೋಗಲಿ ಅಂತ ಶಾಂತಪ್ಪ, “ಆಯ್ತು ತಗೊಳ್ಳಪ್ಪ” ಅಂದ. ಹಂಗಂದರೆ ಅದು ಅವನು ಹೇಳಿದ ಬೆಲೆ ಆಯ್ತಲ್ಲ? ಇವನು ಅದರ ಅರ್ಧಕ್ಕೆ ಕೇಳಿದ. “ಹೋಗ್ಲಿ, ಬೋಣಿ ಹೊತ್ತು” ಅಂತ ಶಾಂತಪ್ಪ ಅದಕ್ಕೂ ಸ್ವಲ್ಪ ಸೇರಿಸಿ ಒಂದು ಬೆಲೆ ಹೇಳಿದ. ಅದರ ಅರ್ಧಕ್ಕೆ ಕೇಳಿದ. ಅರ್ಧದ ಅರ್ಧ, ಅದರರ್ಧ, ಅದರರ್ಧ! ಮಧ್ಯಾಹ್ನದ ಹೊತ್ತಿಗೆ ಶಾಂತಪ್ಪ ಹೆಸರಿಗೆ ಮಾತ್ರ ಶಾಂತಪ್ಪ.

“ಇಪ್ಪತ್ತು ರೂಪಾಯಿಗೆ ಇದು ಬರ್ತದೆ, ತಗೊಂಡು ಹೋಗಯ್ಯ!” ಅಂತ ಖಾಲಿ ರಟ್ಟಿನ ಪೆಟ್ಟಿಗೆ ಎಸೆದ.

ಮನೆಗೆ ಬಂದು ಮರಿಸ್ವಾಮಿ ಪೆಟ್ಟಿಗೆ ಇಟ್ಟ. ನಿಂಗಾಜಮ್ಮ ತೆಗೆದು ನೋಡಿದಳು. ಕೈ ಹಾಕಿ ತಡವಿದಳು. ಬೋರಲು ಹಾಕಿ ಬಡಿದಳು.

“ಏನೂ ಇಲ್ಲವಲ್ಲೋ!”

“ಬೋ ಅಗ್ಗ ಕಣವ್ವ!”

“ಅಯ್ಯೋ ನನ್ನ ಹಣೆಬರಹವೇ! ಬೆಳಕು ಬರ್ತದಾ ಅಂತ ಕಣ್ಣಿಟ್ಟು ನೋಡಬೇಕು ಕಣೋ! ಯಾವುದು ಜೋರಾಗಿ ಬೆಳಗ್ತದೋ ಅದನ್ನ ತರಬೇಕು!”

“ಹಂಗೇ ಆಗ್ಲಿ ಕಣವ್ವ. ಕಣ್ಣಿಟ್ಟು ನೋಡ್ತೀನಿ.”

ಮಾರನೇ ದಿನ ಹೋದ. ಅಂಗಡಿಯಲ್ಲಿ ಉರಿಯೋದು ಏನೇನಿದೆಯೋ ಎಲ್ಲಾ ಹಾಕಿಸಿದ. ಒಂದೊಂದರ ಮೂತಿಗೂ ಕಣ್ಣಿಟ್ಟ. ಟಾರ್ಚಿಗೆ ಇಟ್ಟ, ಟ್ಯೂಬ್‌ಲೈಟಿಗೆ ಇಟ್ಟ, ಪ್ರೊಜೆಕ್ಟರಿಗೂ ಇಟ್ಟ. ಕಡೆಗೆ ಒಂದು ಅವನನ್ನ ಕುರುಡು ಮಾಡಿಬಿಡ್ತು. “ಇದೇ ಇರಲಿ!” ಅಂದ. ಬಸ್ಸಿನ ಕಂಡಕ್ಟರು ಕೈ ಹಿಡ್ಕೊಂಡು ಮನೆ ಬಾಗಿಲವರೆಗೂ ಬಿಟ್ಟು ಹೋದ.

ಪೆಂಡಾಲಿಗೆ ಹಾಕ್ತಾರಲ್ಲ, ಫೋಕಸ್ ಲೈಟು, ಅದನ್ನ ತಂದಿದ್ದ.

ಹಾಕಿದ. ಗೋಡೆಯೆಲ್ಲ ಬೆಳ್ಳಗಾಯ್ತು. ಮೂಲೆಯ ಜೇಡ ಕೂಡ ಎದ್ದು ಓಡ್ತು. ಅಜ್ಜಿ ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು, ನೋಡಿದಳು, ಬಹಳ ಹೊತ್ತು ನೋಡಿದಳು.

“ಮದುವೆ ಚೆನ್ನಾಗೈತೆ ಕಣೇ. ಜನ ಇನ್ನೂ ಬಂದಿಲ್ಲ ಅನ್ಸುತ್ತೆ.”

ನಿಂಗಾಜಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡಳು. ಬೈಯೋಕೂ ಮೈಯಲ್ಲಿ ಶಕ್ತಿ ಬೇಕು. ಅಜ್ಜಿ ಬಿದ್ದಾಗಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೂ ಬೈದಳು.

“ಬರೀ ಬೆಳಕು ತಂದರೆ ಏನ್ ಮಾಡ್ಲೋ ಮುಟ್ಠಾಳ? ಅದರೊಳಗೆ ಜನ ಓಡಾಡಬೇಕು! ಇದನ್ನ ವಾಪಸ್ ಕೊಟ್ಟು, ಪ್ರೊಜೆಕ್ಟರನ್ನೇ ಕೇಳು! ಕತ್ತಲಾದಾಗ ಹಾಕಿಸಿ ನೋಡಿ ತಾ!”

“ಕತ್ತಲಾದಾಗ ತಾನೇ? ಸರಿ ಕಣವ್ವ.”

ಹೋದ. ಆ ದಿನ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮನೆಯಲ್ಲಿ ಅಜ್ಜಿ ಅನ್ನ ಬಿಟ್ಟಳು, ಗಂಜಿಗೆ ಬಂದಳು. “ಚಂದ್ರಿ ಧಾರೆ ಆಯ್ತೇನೇ?” ಅಂತ ಕೇಳ್ತಾಳೆ. “ಇನ್ನೇನು ಅತ್ತೆ, ಮುಹೂರ್ತ ಹತ್ತಿರ” ಅಂತ ನಿಂಗಾಜಮ್ಮ ಮಗ್ಗುಲು ತಿರುಗಿಸ್ತಾಳೆ. ಮೂರನೇ ದಿನ ಮಗ ಬರಿಗೈಲಿ ಬಂದ.

“ಎಲ್ಲೋ?”

“ಆಗ್ನಿಲ್ಲ ಕಣವ್ವ. ಕರೆಂಟು ಇದ್ದಾಗ ಅಂಗಡಿ ತುಂಬ ಬೆಳಕು. ಕರೆಂಟು ಹೋದಾಗ ಕತ್ತಲಾಗ್ತಿತ್ತು, ‘ಈಗ ಹಾಕ್ರಣ್ಣ’ ಅಂತಿದ್ದೆ. ಅವರು ಹಾಕ್ತಾನೇ ಇರ್ನಿಲ್ಲ!”

ನಿಂಗಾಜಮ್ಮ ಶಾಂತಪ್ಪನಿಗೇ ಫೋನು ಮಾಡಿದಳು. ಆ ಕಡೆಯಿಂದ ಶಾಂತಪ್ಪ, “ಅಕ್ಕಾ, ಕೈ ಮುಗೀತೀನಿ. ಮದುವೆ ವೀಡಿಯೋ ಫೋನಲ್ಲಿ ಕಳಿಸಿ. ನಿಮ್ಮ ದುಡ್ಡಿಗೆ ತಕ್ಕದ್ದು ನಾನೇ ಆರಿಸಿ, ವೀಡಿಯೋ ಹಾಕಿ, ಓಡ್ಸಿ ನೋಡಿ ಬಸ್ಸಿಗೆ ಕೊಡ್ತೀನಿ. ಇವನನ್ನ ಮಾತ್ರ ಕಳಿಸಬೇಡಿ” ಅಂದ. ಪರದೆ ಕೇಳಿದ್ದಕ್ಕೆ, “ಪರದೆಗೆ ಡಬ್ಬದಷ್ಟೇ ಬೆಲೆ, ನಿಮಗ್ಯಾಕೆ? ಒಂದು ಬಿಳೀ ಪಂಚೆ ಕಟ್ಟಿ. ಚಿತ್ರ ದೊಡ್ಡದಾಗಬೇಕಂದ್ರೆ ಡಬ್ಬ ಹಿಂದಕ್ಕೆ ಸರಿಸಿ” ಅಂದ.

ಡಬ್ಬ ಬಂತು. ಚಿಕ್ಕದು, ಚೊಂಬಿನಷ್ಟು. ನಿಂಗಾಜಮ್ಮ ಮಾವನವರ ಬಿಳೀ ಪಂಚೆ ಪೆಟ್ಟಿಗೆಯಿಂದ ತೆಗೆದು ಅಜ್ಜಿ ಎದುರು ಗೋಡೆಗೆ ಕಟ್ಟಿದಳು. ಸಂಜೆಗೆ ಒಲೆ ಮುಂದೆ ಗಂಜಿ ಕಾಯಿಸ್ತಾ ಕೂಗಿದಳು.

“ದೊಡ್ಡದಾಗಿ ಕಾಣೋಗಂಟ ಹಿಂದಕ್ಕೆ ಸರಿಸೋ!”

“ಹೂಂ ಕಣವ್ವ!”

ಸರಿಸಿದ. ಹೊಸಲಿಗೆ ಬಂದ, ದೊಡ್ಡದಾಯ್ತು. ಜಗಲಿಗೆ ಬಂದ, ಇನ್ನೂ ದೊಡ್ಡದಾಯ್ತು. ಅವ್ವ ಸಾಕು ಅನ್ನಲಿಲ್ಲ! ನಾಕು ಮನೆಯಿಂದ ವೈರು ಇಸ್ಕೊಂಡು, ಗಂಟು ಹಾಕ್ಕೊಂಡು, ಬೀದಿಗಿಳಿದು, ಬೀದಿ ದಾಟಿ, ಆಚೆಮನೆ ಸಿದ್ದರಾಜಮ್ಮನ ಜಗಲಿ ಮೇಲಿಟ್ಟ. ಮದುವೆ ಇವರ ಮನೆ ಮುಂಗೋಡೆಯ ತುಂಬ ಬಿತ್ತು. ನಡುವೆ ಸಿದ್ದರಾಜಮ್ಮನ ಎಮ್ಮೆ ಕಟ್ಟಿತ್ತು. ಅದರ ಹೊಟ್ಟೆ ಮೇಲೆ ಗಂಡು, ಬೆನ್ನ ಮೇಲೆ ಹೆಣ್ಣು. ಊರೆಲ್ಲ ಸೇರಿ ಶಿಳ್ಳೆ ಹಾಕ್ತು. ಗಟ್ಟಿಮೇಳಕ್ಕೆ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತು. ಅರ್ಧ ಮದುವೆಯೂ ಜೊತೆಗೆ ಹೋಯ್ತು.

ಒಳಗೆ ಅಜ್ಜಿ ಬರಿಯ ಪಂಚೆ ನೋಡ್ತಿದ್ದಳು.

“ವಾಲಗ ಕೇಳ್ತದೆ ಕಣೇ. ನನ್ನನ್ನ ಯಾರೂ ಕರೀಲಿಲ್ಲ.”

ಆ ಮಾತಿಗೆ ನಿಂಗಾಜಮ್ಮ ಕೈಯ ಸೌಟು ಬಿಟ್ಟು ಎದ್ದಳು. ಮಗನನ್ನ ಕಿವಿ ಹಿಡಿದು ಎಳ್ಕೊಂಡು ಬಂದಳು.

“ನಾನು ಊರಿಗೆ ತೋರ್ಸು ಅಂದ್ನೇನೋ? ಎಮ್ಮೆಗೆ ತೋರ್ಸು ಅಂದ್ನಾ? ಪರದೆ ಹತ್ತಿರ ಇರಬೇಕು! ಅಜ್ಜಿ ಕಣ್ಣಿಗೆ ಎಷ್ಟು ಹತ್ತಿರ ಆಗ್ತದೋ ಅಷ್ಟು ಹತ್ತಿರ! ಒಂದು ಸುಕ್ಕಿರಬಾರದು!”

“ಅಷ್ಟೇ ತಾನೇ? ಮೊದಲೇ ಹೇಳ್ಬಾರ್ದಾ?”

ಮಾರನೇ ದಿನ ಸೊಸೈಟಿಯಲ್ಲಿ ಅಕ್ಕಿ ಕೊಡೋ ದಿನ. ಬೆರಳಚ್ಚು ಒತ್ತಬೇಕು, ನಿಂಗಾಜಮ್ಮನೇ ಹೋಗಬೇಕು. ಅಜ್ಜಿಯನ್ನ ಅಂಗಾತ ಮಲಗಿಸಿ, ಒಂದು ಗಂಟೇಲಿ ಬರ್ತೀನಿ ಅಂತ ಹೋದಳು. ಸಾಲಿನಲ್ಲಿ ನಿಂತೇ ಎರಡು ಸಲ ತೂಕಡಿಸಿದಳು.

ತಲೆ ಮೇಲೆ ಅಕ್ಕಿ ಹೊತ್ಕೊಂಡು ಬೀದಿಗೆ ತಿರುಗಿದರೆ ಮನೆ ಮುಂದೆ ಜನ. ಬಾಗಿಲ ಮುಂದೆ ಯಾರೋ ಬೆಂಕಿ ಹಾಕಿದ್ದಾರೆ, ಹೊಗೆ ಏಳ್ತಿದೆ. ಸಿದ್ದರಾಜಮ್ಮ ಎದೆ ಬಡ್ಕೊಂಡು ಓಡಿ ಬಂದಳು.

“ಹೋಗ್ಬುಟ್ರಲ್ಲೇ ನಿಂಗಾಜಿ! ಮಗ ಆಗ್ಲೇ ಬಿಳೀ ಪಂಚೆ ಹೊದಿಸ್ಬುಟ್ಟವನೆ ಕಣವ್ವ! ನಾವು ಬಾಗ್ಲಲ್ಲೇ ನೋಡಿ ಬಂದೋ, ಆಮೇಲೆ ಬಾಗ್ಲು ಹಾಕ್ಕೊಂಡವನೆ!”

ಅಕ್ಕಿ ಚೀಲ ಜಾರಿತು. ನಿಂಗಾಜಮ್ಮನಿಗೆ ಅಳು ಬರಲಿಲ್ಲ. ನೋಡದೇ ಹೋದಳಲ್ಲ ಅನ್ನೋದೊಂದೇ ತಲೆಯೊಳಗೆ. ಮೂರು ತಿಂಗಳು ಕೇಳಿದ್ದು ಒಂದೇ ಒಂದು, ಅದನ್ನೂ ನೋಡದೇ ಹೋದಳಲ್ಲ.

ಒಳಗೆ ಕಿಟಕಿ ಬಾಗಿಲು ಮುಚ್ಚಿ ಕತ್ತಲೆ. ಮಂಚದ ಮೇಲೆ ಪಂಚೆ. ತಲೆಯಿಂದ ಕಾಲಿನವರೆಗೆ ಬಿಗಿಯಾಗಿ ಎಳೆದು, ನಾಕು ಮೂಲೆಗೂ ಮಂಚದ ಕಾಲಿಗೆ ಕಟ್ಟಿದ್ದ, ಒಂದು ಸುಕ್ಕಿಲ್ಲ. ಮೇಲೆ ಜಂತಿಯಿಂದ ಹಗ್ಗದಲ್ಲಿ ಪ್ರೊಜೆಕ್ಟರು ಮೂತಿ ಕೆಳಗೆ ಮಾಡ್ಕೊಂಡು ನೇತಾಡ್ತಿದೆ. ಪಂಚೆಯ ಮೇಲೆ ಮದುವೆ ನಡೀತಿದೆ! ಪಕ್ಕದಲ್ಲಿ ಮರಿಸ್ವಾಮಿ ಕೈ ಕಟ್ಕೊಂಡು ನಿಂತವನೆ.

“ಇದಕ್ಕಿಂತ ಹತ್ತಿರ ಆಗ್ನಿಲ್ಲ ಕಣವ್ವ. ಮೂಗು ಅಡ್ಡ ಬರ್ತದೆ.”

ನಿಂಗಾಜಮ್ಮ ಪಂಚೆಗೆ ಕೈ ಹಾಕಿದಳು. ಒಳಗಿಂದ ದನಿ ಬಂತು.

“ತೆಗೀಬೇಡ ಕಣೇ! ಇನ್ನೂ ಊಟ ಮುಗ್ದಿಲ್ಲ!”

ಹೊರಗೆ ಅಳ್ತಿದ್ದವರು ಬಾಗಿಲಿಗೆ ಮುಗಿಬಿದ್ದರು. ನಿಂಗಾಜಮ್ಮ ಮಂಚದ ಅಂಚಲ್ಲಿ ಕೂತಳು. ಪಂಚೆಯ ಒಂದು ತುದಿ ಸಡಿಲಿಸಿ ತಾನೂ ತಲೆ ತೂರಿಸಿದಳು. ಕಣ್ಣಿಗೆ ಅಂಟಿದಂಗೆ ಚಂದ್ರಿ ಮುಖ, ಬಟ್ಟೆಯಗಲ ಚಂದ್ರಿ. ಅಜ್ಜಿಯ ಪೊರೆಗಣ್ಣು ಎರಡೂ ಅರಳಿದ್ದವು. ಪಂಚೆಯ ಹಿಂಬದಿಯಿಂದ ನೋಡೋದು ತಾನೇ, ಬಲದ್ದೆಲ್ಲ ಎಡಕ್ಕೆ ಕಾಣ್ತಿತ್ತು.

“ಧಾರೆ ನೋಡ್ದೆ. ತಾಳಿ ನೋಡ್ದೆ. ಮಗಿ ಅತ್ಲು, ಅದ್ನೂ ನೋಡ್ದೆ,” ಅಂದಳು ಅಜ್ಜಿ. ಆಮೇಲೆ ದನಿ ಇಳಿಸಿ, “ಎಲ್ಲಾ ಸರಿ ಕಣೇ. ಆದ್ರೆ ಬೀಗರು ಪಂಕ್ತಿಗೆ ಪಂಕ್ತೀನೇ ಎಡಗೈಲಿ ಉಣ್ತಾವ್ರಲ್ಲೇ! ಎಂಥಾ ಜನಕ್ಕೆ ಕೊಟ್ರೇ ನನ್ನ ಮಗೀನ?” ಅಂದಳು.

ಬಿಡಿಸಿ ಹೇಳಬಹುದಿತ್ತು. ಪಂಚೆ ತೆಗೀಬೇಕು, ಗೋಡೆಗೆ ಕಟ್ಟಬೇಕು, ಅಜ್ಜಿಗೆ ಮತ್ತೆ ಬರೀ ಮಸುಕು ಕಾಣಬೇಕು. ನಿಂಗಾಜಮ್ಮನಿಗೆ ಸಾಕಾಗಿತ್ತು. ಅತ್ತೆ ತಲೆಯ ಪಕ್ಕ ತನ್ನ ತಲೆ ಇಟ್ಟಳು.

“ಅವರ ಕಡೆ ಅದೇ ರೂಢಿ ಅತ್ತೆ. ಎಡಗೈಲೇ ಉಣ್ಣೋದು.”

“ಹಂಗಾ? ಸರಿ ಬುಡು. ಅವರ ರೂಢಿ ಅವರಿಗೆ.”

ಮದುವೆ ಮುಗಿಯೋ ಮುಂಚೆ ನಿಂಗಾಜಮ್ಮನಿಗೆ ನಿದ್ದೆ ಹತ್ತಿತ್ತು. ಆ ದಿನ ಮಗನನ್ನ ಬೈಯೋದು ಮರೆತೇಹೋಯ್ತು. ಅದೇ ತಪ್ಪಾಯ್ತು ನೋಡಿ! ಬೈಸ್ಕೊಳ್ಳದೇ ಇದ್ದದ್ದಕ್ಕೆ ಮರಿಸ್ವಾಮಿ ಅವ್ವ ಆಡಿದ ಕೊನೇ ಮಾತನ್ನೇ ಹಿಡ್ಕೊಂಡ.

ಗೌರಿ ಹಬ್ಬಕ್ಕೆ ಚಂದ್ರಿ ಗಂಡನನ್ನ ಕರ್ಕೊಂಡು ಬಂದಳು. ಹೊಸ ಅಳಿಯ! ಎಲೆ ಹಾಕಿ, ಒಬ್ಬಟ್ಟು ಬಡಿಸಿ, ತುಪ್ಪ ಸುರಿದಾಯ್ತು. ಅಳಿಯ ಕೈ ಚಾಚಿದ. ಮರಿಸ್ವಾಮಿ ಹಿಂದಿನಿಂದ ಬಂದವನೇ ಆ ಬಲಗೈ ಹಿಡಿದು, ಬೆನ್ನಿಗೆ ಮಡಚಿ, ಟವಲಿನಲ್ಲಿ ಗಟ್ಟಿಯಾಗಿ ಕಟ್ಟಿಬಿಟ್ಟ.

“ನಮ್ಮ ಮನೇಲಿ ಸಂಕೋಚ ಪಡಬೇಡಿ ಭಾವ. ನಿಮ್ಮ ಕಡೆ ರೂಢಿ ನಮಗೆಲ್ಲ ಗೊತ್ತು. ಎಡಗೈಲೇ ಉಣ್ಣಿ!”

ನಿಂಗಾಜಮ್ಮ ತುಪ್ಪದ ಗಿಂಡಿ ಕೆಳಗಿಟ್ಟು ಟವಲಿನ ಗಂಟಿಗೆ ಕೈ ಹಾಕಿದಳು. ಒಳಗಿನ ಮಂಚದಿಂದ ಅಜ್ಜಿ ಕೂಗಿದಳು.

“ಸಣ್ಣಸಣ್ಣದಾಗಿ ಮುರಿದು ಹಾಕೇ! ಎಡಗೈಲಿ ಎಷ್ಟು ತಾನೇ ಉಂಡಾನು, ಪಾಪ!”